ಗುರ್ ಎನ್ನಲಿ ಬಿಡಿ

ಬೀದಿಯಿಂದ ಎತ್ತಿ ತಂದ 8–10 ತಿಂಗಳ ನಾಯಿಯನ್ನು ಮನೆಯಲ್ಲಿ ಇಟ್ಟುಕೊಂಡವರು ಎರಡನೇ ವಾರದ ಹೊತ್ತಿಗೆ ಕ್ಲಿನಿಕ್ಕಿಗೆ ಬಂದು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಡಾಕ್ಟ್ರೇ, ಅನ್ನ ಹಾಕೋರಿಗೇ ಗುರ್ ಅಂತದಲ್ಲ, ಇದನ್ನ ಬಿಡಿಸೂದು ಹೇಗೆ?" ಶಿರಸಿ ಪೇಟೆಯವರಿರಲಿ, ಸಿದ್ದಾಪುರದ ಕಡೆಯ ತೋಟದ ಮನೆಯವರಿರಲಿ, ಕೇಳುವ ಧಾಟಿಯಲ್ಲಿ ಸ್ವಲ್ಪ ನೋವೂ ಇರುತ್ತದೆ, ಉಪಕಾರ ಮಾಡಿದವರಿಗೇ ಹಲ್ಲು ತೋರಿಸಿತಲ್ಲ ಎಂದು. ನನ್ನ ಉತ್ತರ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ: ಗುರ್ ಎನ್ನುವುದನ್ನು ಬಿಡಿಸಬೇಡಿ.

ನಾಯಿ ಏಕಾಏಕಿ ಕಚ್ಚುವುದು ಅಪರೂಪ. ಮೊದಲು ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ, ಮೈ ಸೆಟೆದು ನಿಂತುಬಿಡುತ್ತದೆ. ಇಷ್ಟೂ ನಮ್ಮ ಕಣ್ಣಿಗೆ ಬೀಳದಿದ್ದಾಗ ಗುರ್ ಎನ್ನುತ್ತದೆ. ಅದಕ್ಕೂ ಬೆಲೆ ಸಿಗದಿದ್ದರೆ ಹಲ್ಲು. ಗುರ್ ಎಂದಾಗಲೆಲ್ಲ ಏಟು ತಿಂದ ನಾಯಿಗೆ ಉಳಿಯುವ ಪಾಠ ಇಷ್ಟೇ, ಬಾಯಿ ಬಿಟ್ಟರೆ ಪೆಟ್ಟು. ಭಯ ಎಲ್ಲಿತ್ತೋ ಅಲ್ಲೇ ಇರುತ್ತದೆ, ಸದ್ದು ಮಾತ್ರ ನಿಲ್ಲುತ್ತದೆ. "ಸುಮ್ಮನೆ ಮಲಗಿದ್ದದ್ದು ಎದ್ದು ಕಚ್ಚಿಬಿಡ್ತು" ಎಂದು ಬರುವವರ ಮನೆಯಲ್ಲಿ ಸ್ವಲ್ಪ ಕೆದಕಿ ಕೇಳಿದರೆ ಕೋಲಿನ ಕತೆ ಹೊರಬೀಳುತ್ತದೆ.

ಆದರೆ ಸ್ವಭಾವದ ಮಾತಿಗೆ ಮುಂಚೆ ಮೈ ನೋಡಬೇಕು. ಕಿವಿಯೊಳಗಿನ ಕೀವು, ಉಣುಗಿನಿಂದ ಬರುವ ಜ್ವರ, ಸರಿಯಾಗಿ ಕೂಡದ ಹಳೆಯ ಮುರಿತ, ಯಾವುದಿದ್ದರೂ ಮುಟ್ಟಿದ ಕೈಗೆ ನಾಯಿ ತಿರುಗಿಬೀಳುತ್ತದೆ. ಚಿಕಿತ್ಸೆ ಆದಮೇಲೆ ಸಿಟ್ಟು ತಾನಾಗಿ ಇಳಿದ ನಾಯಿಗಳು ಎಷ್ಟೋ. ಇನ್ನು ಹುಚ್ಚುನಾಯಿ ರೋಗ. ಹಿನ್ನೆಲೆ ಗೊತ್ತಿಲ್ಲದ ನಾಯಿಯ ನಡತೆ ದಿಢೀರನೆ ಬದಲಾಗಿ, ಬೊಗಳುವ ದನಿ ಒಡೆದು, ಜೊಲ್ಲು ಸುರಿದು, ನುಂಗಲು ತ್ರಾಸಪಡುತ್ತಿದ್ದರೆ ಅದು ಕಲಿಸಿ ತಿದ್ದುವ ವಿಷಯವಲ್ಲ. ಬಾಯಿಗೆ ಕೈ ಹಾಕದೆ, ಬೇರೆ ಕಡೆ ಕೂಡಿಹಾಕಿ ಪಶುವೈದ್ಯರಿಗೆ ಫೋನ್ ಮಾಡಿ. ಯಾವ ನಾಯಿಯೇ ಕಚ್ಚಲಿ, ಹಲ್ಲು ತಾಗಿ ಬರೀ ತರಚಲಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. "10 ದಿನ ನಾಯಿಯನ್ನು ನೋಡೋಣ, ಆಮೇಲೆ ಚುಚ್ಚುಮದ್ದು" ಎನ್ನುವ ಲೆಕ್ಕ ಅಪಾಯದ್ದು. ನಿಗಾ ಮತ್ತು ಚುಚ್ಚುಮದ್ದು ಎರಡೂ ಒಟ್ಟಿಗೇ ಶುರುವಾಗಬೇಕು.

ಮರಿ ಲೋಕವನ್ನು ಒಪ್ಪಿಕೊಳ್ಳುವ ಕಾಲ ಬಹಳ ಚಿಕ್ಕದು, ಹುಟ್ಟಿದ 3ನೇ ವಾರದಿಂದ ಸುಮಾರು 12–14ನೇ ವಾರದವರೆಗೆ. ಆ ಹೊತ್ತಿನಲ್ಲಿ ಕಂಡದ್ದೆಲ್ಲ ಸಹಜ, ಕಾಣದ್ದೆಲ್ಲ ಅನುಮಾನ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬೆಳೆದ ಮರಿಗೆ ಗದ್ದಲ, ಸ್ಕೂಟರು, ಜನ ಏನೂ ಅಲ್ಲ. ಅದೇ ಮರಿ ಮನೆಯೊಳಗಿನ ಮಿಕ್ಸಿಗೆ, ನುಣ್ಣನೆಯ ಟೈಲ್ಸಿಗೆ, ತಲೆ ಮೇಲೆ ತಿರುಗುವ ಫ್ಯಾನಿಗೆ ಮಂಚದಡಿ ನುಗ್ಗುತ್ತದೆ. ತೋಟದ ಮನೆಗಳಲ್ಲಿ ಇನ್ನೊಂದು ಪಜೀತಿ ಕಾಣುತ್ತೇನೆ: ಅಡಿಕೆ ಗೊನೆ ಕೊಯ್ಯುವ ದಿನ ಕೊಯ್ಲಿನ ಆಳು ಕೊನೆಗೌಡ ಉದ್ದನೆಯ ದೋಟಿ, ಅಂದರೆ ಕೊಯ್ಯುವ ಕೋಲು, ಹಿಡಿದು ಅಂಗಳಕ್ಕೆ ಬರುತ್ತಾನೆ. ಹಿಂದೆ ಕೋಲಿನ ಏಟು ತಿಂದ ನಾಯಿಗೆ ಅದು ಅಡಿಕೆ ಕೊಯ್ಯುವ ಸಾಧನವಲ್ಲ. ಆ ದಿನ ನಾಯಿಯನ್ನು ಒಳಗಿನ ಕೋಣೆಯಲ್ಲಿ ಬಿಡುವುದು ಸೋಲೇನಲ್ಲ.

ಮೊದಲ ದಿನಗಳಲ್ಲಿ ಆದಷ್ಟು ಕಡಿಮೆ ಮಾಡಿ. 3 ದಿನ ಗಾಬರಿ, 3 ವಾರ ಮನೆಯ ಪದ್ಧತಿ ತಿಳಿಯಲು, 3 ತಿಂಗಳು ನಂಬಿಕೆ ಕೂಡಲು ಎಂದು ನಾಯಿ ಸಾಕುವವರಲ್ಲಿ ಒಂದು ಅಂದಾಜಿದೆ. ಅಳತೆ ಕಟ್ಟುನಿಟ್ಟಲ್ಲ, ಧೋರಣೆ ಸರಿ. ನೆಂಟರನ್ನು ಕರೆದು ತೋರಿಸುವುದು, ಮೀಯಿಸುವುದು, ಮಕ್ಕಳ ಕೈಲಿ ತಬ್ಬಿಸಿ ಫೋಟೋ ತೆಗೆಯುವುದು, ಇವೆಲ್ಲ ಕಾಯಬಹುದು.

ಈಗ ತಟ್ಟೆಯ ಪ್ರಶ್ನೆ. ತಿನ್ನುವಾಗ ತಟ್ಟೆಗೆ ಕೈ ಹಾಕಿ, ಎತ್ತಿ, ಮತ್ತೆ ಕೊಟ್ಟು ಅಭ್ಯಾಸ ಮಾಡಿಸಿ ಎಂದು ಹೇಳುವವರಿದ್ದಾರೆ. ಕಸಿದುಕೊಳ್ಳುತ್ತಾರೆ ಎಂಬ ಭಯ ಇರುವ ನಾಯಿಯ ಎದುರು ನಿಜವಾಗಿಯೂ ಕಸಿದು ತೋರಿಸಿದ ಹಾಗಾಯಿತು! ಇದನ್ನು ತಿರುಗಿಸಿ ಮಾಡಬೇಕು. ನಾಯಿ ಮೈ ಬಿಗಿ ಹಿಡಿಯದೆ ತಿನ್ನುತ್ತಿರುವಷ್ಟು ದೂರದಲ್ಲಿ ನಿಂತು, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಚೂರೊಂದನ್ನು ಅದರತ್ತ ಎಸೆದು ಹೊರಟುಹೋಗಿ. ಅಷ್ಟೇ. ಮಾತಿಲ್ಲ, ಸವರುವುದಿಲ್ಲ. ನಮ್ಮ ಹೆಜ್ಜೆ ಸದ್ದಿಗೆ ಅದು ತಲೆ ಎತ್ತಿ ಬಾಲ ಸಡಿಲ ಮಾಡಿ ಕಾಯತೊಡಗಿದರೆ ಅರ್ಧ ಹೆಜ್ಜೆ ಹತ್ತಿರ. ಬಿಗಿದುಕೊಂಡರೆ ಒಂದು ಹೆಜ್ಜೆ ಹಿಂದೆ. ಕರಾವಳಿಯಲ್ಲಿ ಬೇಯಿಸಿ ಮುಳ್ಳು ತೆಗೆದ ಬಂಗಡೆ ಇದಕ್ಕೆ ಒಳ್ಳೆಯದು, ಒಣಮೀನು ಬೇಡ, ಉಪ್ಪು ವಿಪರೀತ. ಮೊಟ್ಟೆಯೂ ಒಳಗೆ ಬಾರದ ಹವ್ಯಕರ ಮನೆಗಳಲ್ಲಿ ಪನೀರ್ ತುಂಡು ಚೆನ್ನಾಗಿ ನಡೆಯುತ್ತದೆ. ಈರುಳ್ಳಿ ಬಿದ್ದ ಸಾರು, ದ್ರಾಕ್ಷಿ, ಚಾಕೊಲೇಟು ಮಾತ್ರ ಖಂಡಿತ ಬೇಡ.

ಮೈ ಮುಟ್ಟಿಸಿಕೊಳ್ಳುವುದನ್ನೂ ಇದೇ ರೀತಿ ಕಲಿಸಬೇಕು, ನಮ್ಮ ಕಡೆ ಇದಕ್ಕೆ ಬೇರೆಡೆಗಿಂತ ಹೆಚ್ಚು ತುರ್ತು ಇದೆ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರ, ಹೊನ್ನಾವರದವರಿಗೆ ಹೊಸದಲ್ಲ. ಅದು ಉಣುಗಿನಿಂದ ಹರಡುವಂಥದ್ದು, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಬೆಟ್ಟ ಸುತ್ತಿ ಬಂದ ನಾಯಿ ಮೈಮೇಲೆ ಉಣುಗು ಹೊತ್ತು ಜಗುಲಿಗೆ ಬರುತ್ತದೆ. ಕಿವಿಯ ಒಳಮಡಿಕೆ, ಬೆರಳ ಸಂದು ದಿನಾ ನೋಡಬೇಕು, ಅದೇ ಜಾಗಗಳಲ್ಲಿ ನಾಯಿಗೆ ಕೈ ಸೋಕಿದರೆ ಆಗುವುದಿಲ್ಲ. ಹಾಗಾಗಿ ಭುಜ ಮುಟ್ಟಿ ಒಂದು ಚೂರು, ಕೆಲವು ದಿನ ಬಿಟ್ಟು ಕಿವಿಯ ಬುಡ ಮುಟ್ಟಿ ಒಂದು ಚೂರು. ಮುಟ್ಟುವುದು ಮೊದಲು, ತಿಂಡಿ ಆಮೇಲೆ. ಈ ಕ್ರಮ ಅದಲುಬದಲಾದರೆ ತಿಂಡಿ ಕಂಡೊಡನೆ ನಾಯಿ ಓಡಲು ಕಲಿಯುತ್ತದೆ.

ಅಂಗಾತ ಮಲಗಿಸಿ ಒತ್ತಿಹಿಡಿದು "ಯಜಮಾನ ಯಾರು" ಎಂದು ತೋರಿಸುವ ವಿದ್ಯೆಯನ್ನು ಯೂಟ್ಯೂಬ್ ನೋಡಿ ಮಾಡುವವರು ಇನ್ನೂ ಇದ್ದಾರೆ. ಅದರ ಬೇರು 1947ರಲ್ಲಿ ಶೆಂಕೆಲ್ ಎಂಬವರು ಪ್ರಕಟಿಸಿದ, ಸೆರೆಯಲ್ಲಿಟ್ಟ ತೋಳಗಳು ಯಜಮಾನಿಕೆಗೆ ಹೊಡೆದಾಡುತ್ತವೆ ಎಂದ ಅಧ್ಯಯನದಲ್ಲಿದೆ. ಕಾಡಿನ ತೋಳಗಳ ಗುಂಪು ಬಹುಮಟ್ಟಿಗೆ ಅಪ್ಪ, ಅಮ್ಮ, ಮರಿಗಳ ಸಂಸಾರ ಎಂದು, ಹಿಂದೆ ತಾವೇ ಆ ಯಜಮಾನಿಕೆಯ ವಾದ ಹರಡಿದ್ದ ತೋಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲೇ ಬರೆದರು. ಮೆಕ್ ಬಿಟ್ಟರೂ ಯೂಟ್ಯೂಬ್ ಬಿಟ್ಟಿಲ್ಲ.

ಹಗಲಿಡೀ ಸರಪಳಿ ಹಾಕಿ ರಾತ್ರಿ ಅಂಗಳದಲ್ಲಿ ಕಟ್ಟುವ ರೂಢಿ ಎರಡು ರೀತಿಯಲ್ಲಿ ಕೆಟ್ಟದ್ದು. ಕಟ್ಟಿದ ನಾಯಿಗೆ ಓಡಿಹೋಗುವ ದಾರಿ ಇಲ್ಲ, ಹೆದರಿದರೆ ಮೇಲೆ ಬೀಳುವುದೊಂದೇ ಉಳಿಯುತ್ತದೆ. ಮತ್ತೆ, ಘಟ್ಟದ ಮೇಲೆ ಚಿರತೆಗೆ ಕಟ್ಟಿದ ನಾಯಿಗಿಂತ ಸುಲಭದ ತುತ್ತು ಬೇರಿಲ್ಲ. ರಾತ್ರಿ ಒಳಗೆ ಮಲಗಲಿ.

ಸಂತಾನಹರಣ ಮಾಡಿಸಿದರೆ ಸಿಟ್ಟು ಹೋಗುತ್ತದೆಯೇ ಎಂದು ಕೇಳುತ್ತಾರೆ. ಮಾಡಿಸಿ, ಆದರೆ ಅದಕ್ಕಾಗಿ ಅಲ್ಲ. ಹೆದರಿಕೆಯಿಂದ ಬರುವ ಸಿಟ್ಟಿಗೆ ಅದು ಔಷಧವಲ್ಲ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದು, ನಾಯಿ ಈಗಾಗಲೇ ಆಳವಾಗಿ ಕಚ್ಚಿದ್ದರೆ ಬೇರೆ ಮನೆ ಹುಡುಕಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ, ಕೇಳಿದವರಿಗೆ ಬೇಸರವಾದರೂ.

ಉಳಿದವರು ಬರುವಾಗ ಫೋನಿನಲ್ಲಿ ವಿಡಿಯೋ ತನ್ನಿ. ಕ್ಲಿನಿಕ್ಕಿನ ಮೇಜಿನ ಮೇಲೆ ಹೆಪ್ಪುಗಟ್ಟಿ ನಿಂತ ನಾಯಿ ನನಗೆ ಏನನ್ನೂ ಹೇಳುವುದಿಲ್ಲ. ದೂರದಿಂದ ತೆಗೆಯಿರಿ, ವಿಡಿಯೋಗಾಗಿ ಕೆಣಕಬೇಡಿ. ಗುರ್ ಎನ್ನುವುದಕ್ಕಿಂತ ಅರ್ಧ ನಿಮಿಷ ಮುಂಚೆ ಏನು ನಡೆಯಿತು ಎಂಬುದು ಅದರಲ್ಲಿದ್ದರೆ ಸಾಕು.