ಬೆಲೆ ತಪ್ಪಾಗಿತ್ತು ಎಂದು ಆರ್ಡರ್ ರದ್ದಾದಾಗ

ಕಳೆದ ಬೇಸಿಗೆಯಲ್ಲಿ ಮಳವಳ್ಳಿ ಕಡೆಯ ರೈತರೊಬ್ಬರು ಮಂಡ್ಯದ ನನ್ನ ವಕೀಲಿ ಕಚೇರಿಗೆ ಬಂದರು. ನಾಲೆಯ ಕೊನೆಯ ಭಾಗದ ಜಮೀನು, ಎರಡು ಎಕರೆ ಕಬ್ಬು, ಸುಟ್ಟುಹೋದ ಬೋರ್‌ವೆಲ್ ಮೋಟಾರು. ಪೇಟೆಯ ಅಂಗಡಿಯಲ್ಲಿ 28,000 ರೂಪಾಯಿ ಹೇಳಿದ್ದ ಮೋಟಾರು ಮಗನ ಮೊಬೈಲಿನಲ್ಲಿ 18,200ಕ್ಕೆ ಕಂಡಿತ್ತು. ಹಣ ಕಟ್ಟಿದರು. ಆರ್ಡರ್ ಖಚಿತವಾಗಿದೆ, ಗುರುವಾರ ತಲುಪುತ್ತದೆ ಎಂದು ಸಂದೇಶವೂ ಬಂತು. ಗುರುವಾರ ಮೋಟಾರು ಬರಲಿಲ್ಲ, ಇನ್ನೊಂದು ಸಂದೇಶ ಬಂತು: ಬೆಲೆ ನಮೂದಿಸುವಾಗ ತಪ್ಪಾಗಿದೆ, ಆರ್ಡರ್ ರದ್ದು ಮಾಡಲಾಗಿದೆ. ಹಣ ವಾಪಸು ಬರಲು ಮತ್ತೆ ಒಂಬತ್ತು ದಿನ ಹಿಡಿಯಿತು.

“ಅಲ್ಲ ಸಾ, ರೇಟ್ ಹಾಕ್ದೋರು ಅವ್ರು, ದುಡ್ಡು ಇಸ್ಕಂಡೋರು ಅವ್ರು. ಈಗ ಕೊಡಕ್ಕಾಗಲ್ಲ ಅಂದ್ರೆ ಹೆಂಗೆ?”

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಈ ಪ್ರಶ್ನೆ ಹೊತ್ತು ಬರುವವರು ಹೆಚ್ಚುತ್ತಿದ್ದಾರೆ, ಬಹುತೇಕರು ಕೇಳಬೇಕಾದದ್ದನ್ನು ಬಿಟ್ಟು ಬೇರೆಯದನ್ನೇ ಕೇಳುತ್ತಿದ್ದಾರೆ.

ಅಂಗಡಿಯ ಗಾಜಿನೊಳಗೆ ಸೀರೆಗೆ ಬೆಲೆಚೀಟಿ ಅಂಟಿಸಿ ಇಟ್ಟಿದ್ದಾರೆ ಅಂದುಕೊಳ್ಳಿ. ಆ ಚೀಟಿ ಕಾನೂನಿನ ದೃಷ್ಟಿಯಲ್ಲಿ ‘ಬನ್ನಿ, ಕೇಳಿ’ ಎಂಬ ಆಹ್ವಾನ ಮಾತ್ರ. ಕೊಳ್ಳುತ್ತೇನೆ ಎಂದು ಪ್ರಸ್ತಾವ ಇಡುವವರು ನಾವು, ಒಪ್ಪುವುದು ಬಿಡುವುದು ಅಂಗಡಿಯವರದು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಸ್ತಾವ–ಅಂಗೀಕಾರದ ಲೆಕ್ಕ ಮೊಬೈಲ್ ಪರದೆಯ ಮೇಲೂ ನಡೆಯುತ್ತದೆ. ಹಾಗಾಗಿ ಪರದೆಯಲ್ಲಿ ಕಂಡ ಬೆಲೆಗೆ ವಸ್ತು ಕೊಡಲೇಬೇಕೆಂದು, ಕಂಡ ಮಾತ್ರಕ್ಕೆ, ಹಟ ಹಿಡಿಯಲಾಗದು. ಆದರೆ ಹಣ ಪಡೆದು, ಆರ್ಡರ್ ಖಚಿತ ಎಂದು ಬರೆದು ಕಳಿಸಿದ ಮೇಲೆ ಮಾತು ಬೇರೆ. ಕಂಪನಿಗಳು ಆಗ ತಮ್ಮ ಷರತ್ತುಗಳ ಪುಟ ತೋರಿಸುತ್ತವೆ: ಸರಕು ರವಾನೆಯಾದಾಗಲೇ ಕರಾರು ಹುಟ್ಟುವುದು, ಅದುವರೆಗೆ ರದ್ದು ಮಾಡುವ ಹಕ್ಕು ನಮ್ಮದು. ನಾನು ಕಕ್ಷಿದಾರರಿಗೆ ತೋರಿಸುವುದು ಅದೇ ಕಾಯ್ದೆಯ 22ನೇ ಕಲಂ. ಒಂದು ಪಕ್ಷ ಮಾತ್ರ ತಪ್ಪು ತಿಳಿದಿತ್ತು ಎಂಬ ಒಂದೇ ಕಾರಣಕ್ಕೆ ಕರಾರನ್ನು ರದ್ದುಪಡಿಸಲು ಬರುವುದಿಲ್ಲ ಎನ್ನುತ್ತದೆ ಅದು.

ಒಡಿಶಾದ ಪ್ರಕರಣವೊಂದನ್ನು ನೆನೆಯಬೇಕು. 2014ರಲ್ಲಿ ಕಾನೂನು ವಿದ್ಯಾರ್ಥಿಯೊಬ್ಬರು 23,499 ರೂಪಾಯಿಯ ಲ್ಯಾಪ್‌ಟಾಪನ್ನು ಅಮೆಜಾನ್‌ನಲ್ಲಿ 190 ರೂಪಾಯಿಗೆ ಕಂಡು ಆರ್ಡರ್ ಮಾಡಿದರು. ಖಚಿತವಾಯಿತು, ಆಮೇಲೆ ಬೆಲೆಯ ಕಾರಣ ಹೇಳಿ ರದ್ದಾಯಿತು. ಪ್ರಾಜೆಕ್ಟ್ ಕೆಲಸಕ್ಕೆ ತುರ್ತಾಗಿ ಬೇಕಿದ್ದರಿಂದ ಬೇರೆ ಲ್ಯಾಪ್‌ಟಾಪ್ ಕೊಳ್ಳಬೇಕಾಯಿತು ಎಂಬುದು ಅವರ ದೂರಿನ ಭಾಗವಾಗಿತ್ತು. 2021ರ ಜನವರಿಯಲ್ಲಿ ರಾಜ್ಯ ಗ್ರಾಹಕರ ಆಯೋಗ, ಆರ್ಡರ್ ಖಚಿತವಾದಾಗಲೇ ಕರಾರು ಪೂರ್ಣವಾಯಿತು ಎಂದಿತು. ಕೊಡಿಸಿದ್ದು ಒಟ್ಟು 45,000 ರೂಪಾಯಿ ಹಣ. 190 ರೂಪಾಯಿಯ ಲ್ಯಾಪ್‌ಟಾಪನ್ನಲ್ಲ.

ಇದರ ಎದುರಿಗೆ ಸಿಂಗಪುರದ ತೀರ್ಪೊಂದನ್ನು ಇಟ್ಟು ನೋಡಿ. 3,854 ಡಾಲರಿನ ಪ್ರಿಂಟರ್ ತಪ್ಪಿ 66 ಡಾಲರಿಗೆ ನಮೂದಾಗಿತ್ತು. ಆರು ಮಂದಿ ಪರಿಚಯಸ್ಥರು ಸೇರಿ 1,606 ಪ್ರಿಂಟರ್ ಆರ್ಡರ್ ಮಾಡಿದರು. ಇದು ತಪ್ಪು ಬೆಲೆ ಎಂದು ಅವರಿಗೆ ಗೊತ್ತಿತ್ತು ಎಂದು ಕಂಡುಕೊಂಡ ನ್ಯಾಯಾಲಯ ಕರಾರೇ ಇಲ್ಲ ಎಂದಿತು. 2005ರಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು. ಅಲ್ಲಿಯ ತೀರ್ಪು ನಮ್ಮ ಆಯೋಗಗಳನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೂ ಬಟನ್ ಒತ್ತುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂಬ ಪ್ರಶ್ನೆಯನ್ನು ಎದುರಿನ ವಕೀಲರು ಇಲ್ಲೂ ಕೇಳಿಯೇ ಕೇಳುತ್ತಾರೆ. ಮೈಸೂರಿನಿಂದ ಬಂದ ಯುವಕನೊಬ್ಬ ಹದಿನೈದು ಸಾವಿರದ ಮೊಬೈಲನ್ನು 1,499ಕ್ಕೆ ಹನ್ನೊಂದು ಆರ್ಡರ್ ಮಾಡಿದ್ದ. “ನಿಮ್ಮನೇಲಿ ಎಷ್ಟು ಜನ?” ಎಂದೆ. ನಾಲ್ಕು. ಉಳಿದವನ್ನು ಮಾರುವ ಯೋಚನೆ ಇತ್ತು ಎಂದು ಒಪ್ಪಿಕೊಂಡ. ಮರುಮಾರಾಟಕ್ಕೆ ಕೊಂಡವನು ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕನೇ ಅಲ್ಲ. ಆ ದೂರನ್ನು ನಾನು ಬರೆಯಲಿಲ್ಲ.

ರೈತರ ವಿಷಯ ಹಾಗಲ್ಲ. 28,000ದ ವಸ್ತು 18,200ಕ್ಕೆ ಸಿಕ್ಕರೆ ಹಬ್ಬದ ರಿಯಾಯಿತಿ ಎಂದೇ ಯಾರಾದರೂ ನಂಬುತ್ತಾರೆ. ಕೊಂಡದ್ದು ಒಂದೇ ಮೋಟಾರು. ನಾವು ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಾಗ, ಬೇಸಾಯಕ್ಕೆ ಕೊಂಡದ್ದು ವ್ಯಾಪಾರಕ್ಕಾಯಿತಲ್ಲ ಎಂದು ಕಂಪನಿಯ ವಕೀಲರು ತಕರಾರು ಎತ್ತಿದರು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡದ್ದು ವಾಣಿಜ್ಯ ಉದ್ದೇಶವಲ್ಲ ಎಂದು ಕಾಯ್ದೆಯೇ ವಿವರಿಸುತ್ತದೆ. ಬೀಜ ಕೊಂಡ ರೈತರು ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ. ನಮ್ಮ ಜಿಲ್ಲೆಯ ರೈತರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಲಿ ಎಂಬುದು ನನ್ನ ಆಸೆ.

ಹಾಗಾದರೆ ಅವರು ಕೇಳಬೇಕಾದದ್ದೇನು? ಬಂದಾಗ ಅವರ ಬಾಯಲ್ಲಿದ್ದದ್ದು 9,800 ರೂಪಾಯಿ, ಅಂದರೆ ಎರಡು ಬೆಲೆಗಳ ವ್ಯತ್ಯಾಸ. ನಾನು ಕೇಳಿದ್ದು ಬೇರೆ: ಆರ್ಡರ್ ಮಾಡಿದ ದಿನದಿಂದ ಹಣ ಬಂದ ದಿನದವರೆಗೆ ಕಬ್ಬಿಗೆ ನೀರು ಹೇಗೆ ಹಾಯಿಸಿದಿರಿ? ಪಕ್ಕದ ಜಮೀನಿನವರ ಬೋರ್‌ನಿಂದ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು. ಎಷ್ಟು ಗಂಟೆ, ಎಷ್ಟು ಹಣ ಎಂದು ಮಗ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಕಂಪನಿ ಮೊದಲ ದಿನವೇ ತಪ್ಪು ಒಪ್ಪಿಕೊಂಡಿದ್ದರೆ ಮರುದಿನ ಬೆಳಿಗ್ಗೆ ಪೇಟೆಯಿಂದ ಮೋಟಾರು ಬರುತ್ತಿತ್ತು. ನಂಬಿಸಿ ಕಾಯಿಸಿದ್ದು ಸೇವಾ ನ್ಯೂನತೆ, ನಮ್ಮ ದೂರಿನ ಬೆನ್ನೆಲುಬು ಅದು. ಕೈತಪ್ಪಿದ ಲಾಭಕ್ಕಿಂತ ಕಾದು ಕಳೆದುಕೊಂಡದ್ದನ್ನು ರುಜುವಾತು ಮಾಡುವುದು ಸುಲಭ, ನ್ಯಾಯವೂ ಅಲ್ಲೇ ಇದೆ ಎಂದು ನಾನು ನಂಬುತ್ತೇನೆ.

ಇನ್ನೊಂದು ಎಚ್ಚರಿಕೆ. ಇಂಥ ಸಂದರ್ಭದಲ್ಲಿ ಕಾಲ್ ಸೆಂಟರಿನವರು ಬಹಳ ಮೃದುವಾಗಿ “ಸಾರ್, ನೀವೇ ಆ್ಯಪ್‌ನಲ್ಲಿ ಕ್ಯಾನ್ಸಲ್ ಒತ್ತಿಬಿಡಿ, ಹಣ ಬೇಗ ಬರುತ್ತೆ” ಎನ್ನುವುದುಂಟು. ಒತ್ತಬೇಡಿ. ಒತ್ತಿದರೆ ದಾಖಲೆಯಲ್ಲಿ ರದ್ದು ಮಾಡಿದವರು ನೀವಾಗುತ್ತೀರಿ, ಆಮೇಲೆ ಅದನ್ನು ಬಿಡಿಸಿ ಹೇಳುವುದು ಕಷ್ಟ. ರದ್ದು ಮಾಡುವುದಾದರೆ ಅವರೇ ಮಾಡಲಿ, ಕಾರಣವನ್ನು ಬರವಣಿಗೆಯಲ್ಲಿ ಕೊಡಲಿ. 2020ರ ಇ–ವಾಣಿಜ್ಯ ನಿಯಮಗಳ ಪ್ರಕಾರ, ತಾನು ಏಕಪಕ್ಷೀಯವಾಗಿ ರದ್ದು ಮಾಡಿದಾಗ ಶುಲ್ಕ ಭರಿಸದ ಕಂಪನಿ, ಗ್ರಾಹಕರು ರದ್ದು ಮಾಡಿದಾಗಲೂ ಅಂಥ ಶುಲ್ಕ ಹಾಕುವಂತಿಲ್ಲ. ಅದೇ ನಿಯಮಗಳಡಿ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೂರನ್ನು ಇಮೇಲಿನಲ್ಲಿ ಕಳಿಸಿ, ಫೋನಿನ ಮಾತಿಗೆ ಗುರುತಿಲ್ಲ.

ಬೆಲೆ ಕಂಡ ಪುಟದ ಸ್ಕ್ರೀನ್‌ಶಾಟ್, ಖಚಿತಪಡಿಸಿದ ಸಂದೇಶ, ಯುಪಿಐ ಸಂಖ್ಯೆ, ಚಾಟ್ ಯಾವುದನ್ನೂ ಅಳಿಸಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇವುಗಳ ಜೊತೆ, ಯಾವ ಸಾಧನದಿಂದ ಹೇಗೆ ಬಂದವು ಎಂದು ತಿಳಿಸುವ ಪ್ರಮಾಣಪತ್ರ ಬೇಕಾಗುತ್ತದೆ, ಅದಕ್ಕೆ ಮೂಲ ಮೊಬೈಲ್ ಕೈಯಲ್ಲಿದ್ದರೆ ಒಳ್ಳೆಯದು. ದೂರು ಕೊಟ್ಟ ಮೇಲೆ ಹಳೇ ಫೋನು ಮಾರಿಕೊಂಡವರನ್ನು ನೋಡಿದ್ದೇನೆ.

ವಸ್ತು ಮನೆಗೆ ತಲುಪಿದ ಮೇಲೆ ‘ಬೆಲೆ ತಪ್ಪಾಗಿತ್ತು, ಇನ್ನಷ್ಟು ಕಟ್ಟಿ’ ಎಂದು ಫೋನ್ ಬಂದರೆ ಕಟ್ಟಬೇಕಿಲ್ಲ. ಹಕ್ಕಿದೆ ಎನ್ನುವವರು ನ್ಯಾಯಾಲಯಕ್ಕೆ ಹೋಗಲಿ. ಪೊಟ್ಟಣದ ಮೇಲಿನ ಎಂಆರ್‌ಪಿಗಿಂತ ಹೆಚ್ಚು ವಸೂಲಿ ಮಾಡಿದ್ದರೆ ತೂಕ–ಅಳತೆ ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಗೂ ದೂರು ಕೊಡಬಹುದು.

1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಮೊದಲು ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕಂಪನಿಯ ಕಚೇರಿ ಯಾವ ಊರಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಹಿಂದೆ ಈ ಒಂದು ಅನುಕೂಲ ಇಲ್ಲದೆ ಎಷ್ಟೋ ಮಂದಿ ಸುಮ್ಮನಾಗುತ್ತಿದ್ದರು. ಕೊಂಡ ಬೆಲೆ 5 ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು, ವಕೀಲರೇ ಬೇಕೆಂದೂ ಇಲ್ಲ.

ರೈತರು ಹಣ ವಾಪಸಾದ ವಾರವೇ ಪೇಟೆಯ ಅಂಗಡಿಯಲ್ಲಿ ಮೋಟಾರು ಕೊಂಡು ಇಳಿಸಿದರು. ಪ್ರಕರಣ ಮಂಡ್ಯದ ಆಯೋಗದಲ್ಲಿ ಇನ್ನೂ ನಡೆಯುತ್ತಿದೆ. ಮುಂದಿನ ದಿನಾಂಕಕ್ಕೆ ಪಕ್ಕದ ಜಮೀನಿನವರ ಅಫಿಡವಿಟ್ ಹಾಜರುಪಡಿಸಬೇಕು. ಅವರು ಸಹಿ ಹಾಕಲು ಒಪ್ಪಿದ್ದಾರೆ, ನೋಟ್‌ಬುಕ್ಕು ನನ್ನ ಕಡತದಲ್ಲಿದೆ.