ಗ್ರಾಮ ಆರೋಗ್ಯ ಸಮಿತಿ: ಹಣ ಇಲಾಖೆಯದು, ಅಧ್ಯಕ್ಷರು ಪಂಚಾಯಿತಿಯವರು

ಪೂರ್ಣ ಹೆಸರು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಕಂದಾಯ ಗ್ರಾಮಕ್ಕೊಂದರಂತೆ ಬಂದದ್ದು. ರಚನೆ ಸುಲಭವಾಗಿ ನೆನಪಿನಲ್ಲಿ ಉಳಿಯುತ್ತದೆ: ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು ಅಧ್ಯಕ್ಷರು, ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ, ಬ್ಯಾಂಕ್ ಖಾತೆಗೆ ಇಬ್ಬರ ಜಂಟಿ ಸಹಿ.

ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ (ಇಂಥದ್ದೇ ಬಾಬ್ತಿಗೆಂದು ಕಟ್ಟಿಹಾಕದ ಹಣ) ಬರುವುದು ಆರೋಗ್ಯ ಅಭಿಯಾನದಿಂದ. ಹಾಗಿದ್ದಮೇಲೆ ಪಂಚಾಯಿತಿಯವರು ಅಧ್ಯಕ್ಷರೇಕೆ?

ಡೆಂಗಿಯನ್ನು ಹಿಡಿದು ಹೊರಟರೆ ಉತ್ತರ ಸಿಗುತ್ತದೆ. ಊರಿನಲ್ಲಿ ನಾಲ್ಕು ದಿನಕ್ಕೊಮ್ಮೆ ನಲ್ಲಿ ನೀರು ಬರುತ್ತದೆ ಎನ್ನೋಣ. ಮನೆಮನೆಯಲ್ಲೂ ಡ್ರಮ್ಮು, ಸಿಮೆಂಟ್ ತೊಟ್ಟಿಗಳಲ್ಲಿ ನೀರು ನಿಲ್ಲುತ್ತದೆ. ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಅಲ್ಲಿಯೇ. ವಾರ, ಹತ್ತು ದಿನದಲ್ಲಿ ಮರಿ ಸೊಳ್ಳೆಯಾಗಿ ಹಾರುತ್ತದೆ. ಆಶಾ ಕಾರ್ಯಕರ್ತೆ ಬಂದು ಟಾರ್ಚ್ ಬಿಟ್ಟು ಲಾರ್ವಾ ತೋರಿಸಿ, ತೊಟ್ಟಿ ತೊಳೆಸಬಹುದು. ಆದರೆ ನೀರು ಹಿಡಿದಿಡಬೇಡಿ ಎಂದು ಯಾವ ಬಾಯಿಂದ ಹೇಳುತ್ತಾರೆ? ನೀರು ಬಿಡುವ ನೀರಗಂಟಿ ಪಂಚಾಯಿತಿಯವನು. ಕೆಟ್ಟ ಮೋಟರ್, ಒಡೆದ ಪೈಪು, ಕಟ್ಟಿದ ಚರಂಡಿ ಎಲ್ಲವೂ ಪಂಚಾಯಿತಿಯ ಹೊಣೆ. ಜ್ವರ ಒಂದು ಕಚೇರಿಗೆ, ಅದರ ಕಾರಣ ಇನ್ನೊಂದು ಕಚೇರಿಗೆ ಸೇರಿದೆ. ಇಬ್ಬರನ್ನೂ ತಿಂಗಳಿಗೊಮ್ಮೆ ಒಂದೇ ಜಮಖಾನೆಯ ಮೇಲೆ ಕೂರಿಸುವುದೇ ಸಮಿತಿಯ ಕೆಲಸ.

ಆದ್ದರಿಂದ 10,000 ರೂಪಾಯಿಯಲ್ಲಿ ಏನಾದೀತು ಎಂದು ಲೆಕ್ಕ ಹಾಕುತ್ತ ಕೂರಬೇಡಿ. ಪಂಚಾಯಿತಿಗೆ ಬೇರೆ ಅನುದಾನವಿರುವ ಕೆಲಸಕ್ಕೆ ಈ ಹಣ ಬಳಸಬಾರದೆಂಬುದು ಮಾರ್ಗಸೂಚಿಯ ಆಶಯ. ಚರಂಡಿಗೆ ಬೇಕಾದದ್ದು ಸಮಿತಿಯ ನಿರ್ಣಯ. ಅಧ್ಯಕ್ಷರು ಅದನ್ನು ಪಂಚಾಯಿತಿ ಸಭೆಗೆ ಒಯ್ದು ಕ್ರಿಯಾಯೋಜನೆಗೆ ಸೇರಿಸಬೇಕು. ಸದಸ್ಯರು ಸಹಿಗಷ್ಟೇ ಬಂದು ಹೋದರೆ ಈ ಕೊಂಡಿ ಕಳಚುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಇದೇ.

ಕಾನೂನಿನ ಆಧಾರ: ಸಂವಿಧಾನದ 73ನೇ ತಿದ್ದುಪಡಿ ತಂದ 11ನೇ ಅನುಸೂಚಿ, ಅಂದರೆ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿ. ಅದರ 29 ವಿಷಯಗಳಲ್ಲಿ ಕುಡಿಯುವ ನೀರು, ಆರೋಗ್ಯ ಮತ್ತು ನೈರ್ಮಲ್ಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಮೂರೂ ಇವೆ.

ಆರೋಗ್ಯ ರಕ್ಷಾ ಸಮಿತಿಯೊಡನೆ ಇದನ್ನು ಬೆರೆಸಬೇಡಿ. ಅದು ಆಸ್ಪತ್ರೆಯ ಮಟ್ಟದ್ದು. ಬೋರ್‌ವೆಲ್ ನೀರು ಕೆಟ್ಟಿದ್ದರೆ ಗ್ರಾಮ ಸಮಿತಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಾಣಂತಿಯರಿಗೆ ಬಿಸಿನೀರಿಲ್ಲದಿದ್ದರೆ ರಕ್ಷಾ ಸಮಿತಿ.