ಗೆಲುವಿಗಿಂತ ದಾಕ್ಷಿಣ್ಯ ಜಾಸ್ತಿ: ಮೊಬೈಲ್ ಸ್ಟ್ರಾಟಜಿ ಗೇಮ್ ಟಿಪ್ಪಣಿ

ಮೊದಲು ಒಂದು ಪದ: ‘ಫೋರ್ ಎಕ್ಸ್’. ಹುಡುಕು, ಹಬ್ಬು, ಬಳಸಿಕೋ, ನಾಶಮಾಡು, ಈ ನಾಲ್ಕು ಕೆಲಸ ಸೇರಿದ ಆಟ. 1993ರಲ್ಲಿ ಕಂಪ್ಯೂಟರ್ ಗೇಮ್ ಬಗ್ಗೆ ಬರೆಯುವಾಗ ಹುಟ್ಟಿದ ಹೆಸರು ಇದು.

ಈಗ 2023ರಲ್ಲಿ ಬಂದ ಇದೇ ಬಗೆಯ ಮೊಬೈಲ್ ಗೇಮ್ ಲಾಸ್ಟ್ ವಾರ್ ತೆರೆದು ನೋಡಿ. ಶುರುವಿನಲ್ಲಿ ಈ ನಾಲ್ಕರಲ್ಲಿ ಒಂದೂ ಕಾಣುವುದಿಲ್ಲ! ಸೈನಿಕ ಓಡುತ್ತಿರುತ್ತಾನೆ, ಎದುರಿಗೆ ಅಂಕಿ ಬರೆದ ಬಾಗಿಲುಗಳು. ಸರಿಯಾದ ಬಾಗಿಲಿಗೆ ಬೆರಳು ಸರಿಸಿದರೆ ಒಬ್ಬ ಹತ್ತಾಗುತ್ತಾನೆ. ಮೈತ್ರಿಕೂಟ, ನಕಾಶೆ, ಯುದ್ಧ ಎಲ್ಲ ಆಮೇಲೆ.

ಯಾಕೆ ಹೀಗೆ? ಒಂದು ಕಾರಣ ಜಾಹೀರಾತು. 2021ರ ಏಪ್ರಿಲ್‌ನಿಂದ ಐಫೋನ್‌ನಲ್ಲಿ ಬಳಕೆದಾರರ ಜಾಡು ಹಿಡಿಯಲು ಆ್ಯಪ್‌ಗಳು ಅನುಮತಿ ಕೇಳಲೇಬೇಕು. ಅದಕ್ಕೂ ಮುಂಚೆ ದುಡ್ಡು ಸುರಿಯುವ ಆಟಗಾರರನ್ನು ಹುಡುಕಿ ಹುಡುಕಿ ಜಾಹೀರಾತು ತೋರಿಸಬಹುದಿತ್ತು. ಅದು ಕಷ್ಟವಾದ ಮೇಲೆ ಬಲೆ ಅಗಲವಾಗಿ ಬೀಸಬೇಕಾಯಿತು. ಎಲ್ಲರಿಗೂ ಅರ್ಥವಾಗುವ ಸುಲಭದ ಬಾಗಿಲು ಬೇಕಾಯಿತು.

ಒಳಗೆ ಬಂದವರು ಉಳಿಯುವುದು ಯಾಕೆ? ಇಲ್ಲಿ ಗೇಮ್ ಸಂಶೋಧಕ ರಿಚರ್ಡ್ ಬಾರ್ಟಲ್ 1996ರಲ್ಲಿ ಹೇಳಿದ ಆಟಗಾರರ ನಾಲ್ಕು ಬಗೆ ನೆನಪಿಡಿ: ಸಾಧಿಸುವವರು, ಸುತ್ತಿ ನೋಡುವವರು, ಬೆರೆಯುವವರು, ಬೇರೆಯವರ ಮೇಲೆ ಎಗರುವವರು. ಉತ್ತರ ಪತ್ರಿಕೆಗೆ ಚೆನ್ನಾಗಿದೆ. ಆದರೆ ಅವರು ನೋಡಿದ್ದು ಬರೀ ಅಕ್ಷರದಲ್ಲಿ ನಡೆಯುತ್ತಿದ್ದ ಆಟಗಳನ್ನು. ನನ್ನ ಪ್ರಕಾರ ಒಬ್ಬನೇ ಆಟಗಾರ ಬೆಳಿಗ್ಗೆ ಗೋಡೆ ಕಟ್ಟಿಸುತ್ತಾನೆ, ಮಧ್ಯಾಹ್ನ ಹರಟುತ್ತಾನೆ, ರಾತ್ರಿ ಸೇಡು ತೀರಿಸಿಕೊಳ್ಳುತ್ತಾನೆ.

ನಾಲ್ಕರಲ್ಲೂ ಸರಿಯಾಗಿ ಕೂರದ ಒಂದು ಎಳೆ ಇದೆ: ದಾಕ್ಷಿಣ್ಯ. 2012ರಲ್ಲಿ ಬಂದ ಕ್ಲಾಶ್ ಆಫ್ ಕ್ಲಾನ್ಸ್ ತೆಗೆದುಕೊಳ್ಳಿ. ಒಂದು ಕ್ಲಾನ್‌ನಲ್ಲಿ, ಅಂದರೆ ಆಟಗಾರರ ಗುಂಪಿನಲ್ಲಿ, 50 ಜನರವರೆಗೆ ಇರಬಹುದು. ಎರಡು ಕ್ಲಾನ್‌ಗಳು ಕಾದಾಡುವ ಕ್ಲಾನ್ ವಾರ್‌ನಲ್ಲಿ ಒಬ್ಬೊಬ್ಬರಿಗೆ ಎರಡೇ ದಾಳಿ. ನೀವು ಮಲಗಿಬಿಟ್ಟರೆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಖಾಲಿ. ನಿನ್ನೆ ನಿಮಗೆ ಸೈನ್ಯ ದಾನ ಮಾಡಿದವರೆಲ್ಲ ಅದನ್ನು ನೋಡುತ್ತಾರೆ. ಆಟ ಬೇಜಾರಾಗಿದ್ದರೂ ‘ಅವರು ಏನಂದುಕೊಳ್ತಾರೋ’ ಅಂತ ಫೋನ್ ತೆಗೆಯುತ್ತೇವೆ, ಅಲ್ವಾ? ನಾನಂತೂ ತೆಗೆದಿದ್ದೇನೆ.

ಕಾಯಿಸುವ ತಂತ್ರದ ಬಗ್ಗೆ ಒಂದು ಮಾತು. ಕಟ್ಟಡವೋ ಸೈನ್ಯವೋ ತಯಾರಾಗುವ ತನಕ ಟೈಮರ್ ಓಡುತ್ತದೆ, ಕಾಯಲಾಗದವರು ಜೆಮ್ (ದುಡ್ಡಿಗೂ ಸಿಗುವ ಆಟದೊಳಗಿನ ನಾಣ್ಯ) ಕೊಟ್ಟು ಮುಗಿಸುತ್ತಾರೆ. ಹಳೇ ಲೆಕ್ಕ ಅದು. ಆದರೆ 2025ರ ಮಾರ್ಚ್‌ನಲ್ಲಿ ಕ್ಲಾಶ್ ಆಫ್ ಕ್ಲಾನ್ಸ್ ಸೈನ್ಯ ತಯಾರಾಗಲು ಕಾಯುವ ಸಮಯವನ್ನು ಪೂರ್ತಿ ತೆಗೆದುಹಾಕಿತು. ಕಟ್ಟಡದ ಟೈಮರ್ ಮಾತ್ರ ಹಾಗೇ ಇದೆ. ಅಂದರೆ ದಾಳಿಗೆ ಬಂದವರನ್ನು ಸುಮ್ನೆ ಕೂರಿಸುವುದಿಲ್ಲ. ಕಾಯುವುದೇನಿದ್ದರೂ ಊರು ದೊಡ್ಡದಾಗುವುದಕ್ಕೆ.